ಫೋನ್ ತಂತಿಯ ಇಂಟರ್‌ನೆಟ್: ಮನೆಮಂದಿಯ ಪ್ರಶ್ನೆಗಳು



ಮನೆಯ ಫೋನ್ ತಂತಿಯಲ್ಲೇ ಇಂಟರ್‌ನೆಟ್ ಕೊಡುವ ಬ್ರಾಡ್‌ಬ್ಯಾಂಡ್ ಸೇವೆಯನ್ನು ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಆರಂಭಿಸಿತು. ಈಗ ಅನೇಕ ಕಡೆ ಫೈಬರ್ ಬಂದಿದೆ. ಆದರೂ ತಾಮ್ರದ ತಂತಿಯನ್ನೇ ಉಳಿಸಿಕೊಂಡ ಮನೆಗಳವರು ಪ್ರಶ್ನೆ ಕೇಳುತ್ತಲೇ ಇದ್ದಾರೆ. ಮಕ್ಕಳು ಪರವೂರಿನಲ್ಲಿದ್ದು ಹಿರಿಯರಿಬ್ಬರೇ ಇರುವ ಮನೆಯಲ್ಲಿ ರೂಟರ್ ಕೆಟ್ಟರೆ, ಮಕ್ಕಳ ಮುಖ ನೋಡುವ ದಾರಿಯೇ ಮುಚ್ಚಿದಂತೆ. ಹಾಗೆಂದು ಹೊಸ ರೂಟರ್‌ಗೆ ಅವಸರದಿಂದ ಹಣ ಸುರಿಯಬೇಡಿ. ತೊಂದರೆ ಹೆಚ್ಚಾಗಿ ತಂತಿಯಲ್ಲೇ ಇರುತ್ತದೆ.

ಪ್ರಶ್ನೆ: ಫಾದರ್, ಫೋನ್ ಎತ್ತಿದೊಡನೆ ಇಂಟರ್‌ನೆಟ್ ಹೋಗುತ್ತದೆ. ಮಾತಿನ ನಡುವೆ ಕರಕರ ಸದ್ದೂ ಇದೆ. ಯಾಕೆ?

ಉತ್ತರ: ಮಾತಿಗೆ 4 ಕಿಲೋಹರ್ಟ್ಸ್‌ಗಿಂತ ಕೆಳಗಿನ ಕಂಪನಗಳು ಸಾಕು. ಇಂಟರ್‌ನೆಟ್ ಅದೇ ತಂತಿಯಲ್ಲಿ ಸುಮಾರು 25 ಕಿಲೋಹರ್ಟ್ಸ್‌ಗಿಂತ ಮೇಲೆ ಸಾಗುತ್ತದೆ. ಇವೆರಡನ್ನು ಬೇರ್ಪಡಿಸುವುದು ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ. ಹೊರಗಿನಿಂದ ಬಂದ ತಂತಿ ಮೊದಲು ಇದಕ್ಕೆ ಸೇರಬೇಕು. ಫೋನಿಗೂ ರೂಟರಿಗೂ ಇಲ್ಲಿಂದಲೇ ಕವಲು ಹೋಗಬೇಕು. ಒಳಕೋಣೆಯ ಎರಡನೇ ಫೋನನ್ನು ಸ್ಪ್ಲಿಟರ್‌ಗಿಂತ ಮೊದಲೇ ಜೋಡಿಸಿದ್ದರೆ ನೀವು ಹೇಳಿದ ತೊಂದರೆ ಬರುತ್ತದೆ.

ಪ್ರಶ್ನೆ: ಪೇಟೆಯವರಿಗೆ ವೇಗವಿದೆ, ನಮಗಿಲ್ಲ. ರೂಟರ್ ಬದಲಾಯಿಸಲೇ?

ಉತ್ತರ: ಎಡಿಎಸ್‌ಎಲ್2+ ಎಂಬ ವಿಧಾನದಲ್ಲಿ ಎಕ್ಸ್‌ಚೇಂಜಿನ ಹತ್ತಿರ 24 ಎಂಬಿಪಿಎಸ್‌ವರೆಗೆ ವೇಗ ಸಾಧ್ಯ. ತಂತಿ ಉದ್ದವಾದಂತೆ ವೇಗ ಇಳಿಯುತ್ತದೆ. 4-5 ಕಿಲೋಮೀಟರ್ ದಾಟಿದರೆ ತೀರಾ ಕಡಿಮೆ. ತುಕ್ಕು ಹಿಡಿದ ಜೋಡಣೆ, ನೀರು ಸೇರಿದ ಕೇಬಲ್ ಇದ್ದರೆ ಇನ್ನೂ ಕಷ್ಟ. ರೂಟರಿನ 'ಡಿಎಸ್‌ಎಲ್' ದೀಪ ಮಿನುಗುತ್ತಲೇ ಇದ್ದರೆ ಎಕ್ಸ್‌ಚೇಂಜಿನ ಸಂಪರ್ಕ ಸಿಕ್ಕಿಲ್ಲವೆಂದು ಅರ್ಥ. ಆಗ ಲೈನ್ ಬಗ್ಗೆ ದೂರು ಕೊಡಿ. ಆ ದೀಪ ಸ್ಥಿರವಾಗಿದ್ದೂ 'ಇಂಟರ್‌ನೆಟ್' ದೀಪ ಹೊತ್ತದಿದ್ದರೆ ಯೂಸರ್‌ನೇಮ್, ಪಾಸ್‌ವರ್ಡ್ ಅಥವಾ ಬಿಲ್ ಬಾಕಿ ಪರಿಶೀಲಿಸಿ.

ಪ್ರಶ್ನೆ: ಸಿಡಿಲಿಗೆ ಸ್ವಿಚ್ ಆಫ್ ಮಾಡಿದ್ದೆವು. ಆದರೂ ರೂಟರ್ ಸುಟ್ಟಿತು!

ಉತ್ತರ: ಸಿಡಿಲು ಫೋನ್ ತಂತಿಯಿಂದಲೂ ಒಳಬರುತ್ತದೆ. ಮೋಡ ಕವಿಯುವಾಗಲೇ ಕರೆಂಟಿನ ಪ್ಲಗ್ಗನ್ನೂ ಫೋನ್ ತಂತಿಯನ್ನೂ ಕಳಚಿಡಿ. ಗುಡುಗು ಆರಂಭವಾದ ಮೇಲೆ ತಂತಿಗೆ ಕೈಹಾಕಬೇಡಿ, ತಂತಿಯ ಫೋನಿನಲ್ಲಿ ಮಾತಾಡಲೂ ಬೇಡಿ. ರೂಟರ್ ಹೋದರೆ ಇನ್ನೊಂದು ತರಬಹುದು.

ಪ್ರಶ್ನೆ: ಪಾಸ್‌ವರ್ಡ್ ಬದಲಿಸಲೇಬೇಕೇ?

ಉತ್ತರ: ಬದಲಿಸಲೇಬೇಕು. ವೈಫೈಗೆ ಒಂದು, ರೂಟರಿನ ಸೆಟ್ಟಿಂಗ್ ತೆರೆಯಲು ಇನ್ನೊಂದು, ಹೀಗೆ ಪಾಸ್‌ವರ್ಡ್ ಎರಡು. ಎರಡನೆಯದನ್ನು ಅನೇಕರು ಕಂಪನಿ ಕೊಟ್ಟ 'ಅಡ್ಮಿನ್' ಎಂದೇ ಬಿಟ್ಟಿರುತ್ತಾರೆ. 2017ರ ಜುಲೈಯಲ್ಲಿ ಹೀಗೆ ಬಿಟ್ಟಿದ್ದ ಸಾವಿರಾರು ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ನಮ್ಮ ದೇಶದಲ್ಲಿ ಮಾಲ್‌ವೇರ್ ದಾಳಿಗೆ ಸಿಕ್ಕಿ ನಿಂತುಹೋದವು.

ಪ್ರಶ್ನೆ: ಫೈಬರ್‌ಗೆ ಬದಲಾದರೆ ಹಳೆಯ ರೂಟರ್ ಸಾಕೇ?

ಉತ್ತರ: ಸಾಲದು. ಫೈಬರಿನಲ್ಲಿ ಬೆಳಕು ಸಾಗುತ್ತದೆ. ಅದಕ್ಕೆ ಬೇರೆ ಉಪಕರಣ ಬೇಕು. ಇನ್ನೊಂದು ಮಾತು ಮರೆಯಬೇಡಿ. ತಾಮ್ರದ ತಂತಿಯ ಸಾಧಾರಣ ಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುವುದರಿಂದ ಮನೆಯಲ್ಲಿ ಕರೆಂಟು ಹೋದರೂ ಅದು ಮಾತಾಡುತ್ತದೆ. ಫೈಬರಿನ ಫೋನ್ ಹಾಗಲ್ಲ. ಕರೆಂಟು ಹೋದರೆ ಅದೂ ಮೌನ. ಹಿರಿಯರೇ ಇರುವ ಮನೆಗೆ ಫೈಬರ್ ಹಾಕಿಸುವ ಮಕ್ಕಳು ಜೊತೆಗೊಂದು ಬ್ಯಾಟರಿ ಬ್ಯಾಕಪ್ಪನ್ನೂ ಕೊಡಿಸಿ. ರಾತ್ರಿ ಹೊತ್ತು ಅಮ್ಮನಿಗೆ ಎದೆನೋವು ಬಂದರೆ ಅಪ್ಪ ಮೊದಲು ಎತ್ತುವುದು ಆ ಫೋನನ್ನೇ ಅಲ್ಲವೇ?