ದೇವತೆಗಳು ಬಂದರು, ಕಥೆ ಬರಲಿಲ್ಲ

ಮಕ್ಕಳೊಡನೆ ಕೂತು ನೋಡಬಹುದಾದ ಚಿತ್ರವೆಂಬ ಜಾಹೀರಾತು ಕಂಡಾಗಲೆಲ್ಲ ನಾವು ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತೇವೆ. ಗಿರಣಿಯ ಪಾಳಿ ಮುಗಿಸಿ ಬಂದವನಿಗೆ, ದಿನವಿಡೀ ತಕ್ಕಡಿಯ ಮುಂದೆ ಕೂತವನಿಗೆ, ಹೆಂಡತಿ ಮಕ್ಕಳ ಜೊತೆ ಎರಡು ತಾಸು ಬೇರೆ ಲೋಕದಲ್ಲಿ ಇದ್ದು ಬರುವ ಯೋಗ ಒದಗುವುದೇ ಅಪರೂಪ. ಆ ಎರಡು ತಾಸನ್ನು ಹಾಳು ಮಾಡಿದವರ ಮೇಲೆ ನಮಗೆ ಸಿಟ್ಟು ಬಂದರೆ ವಾಚಕರು ತಪ್ಪು ತಿಳಿಯಬಾರದು.

ಚಿತ್ರದ ಹೆಸರು ‘ಪರ್ಸಿ ಜಾಕ್ಸನ್ ಅಂಡ್ ದಿ ಒಲಿಂಪಿಯನ್ಸ್: ದಿ ಲೈಟ್ನಿಂಗ್ ಥೀಫ್’. 2010ರಲ್ಲಿ ಅಮೇರಿಕದಲ್ಲಿ ತಯಾರಾದದ್ದು. ಕಳೆದ ಭಾನುವಾರ ಗೆಳೆಯರೊಬ್ಬರ ಮನೆಯ ಟೀವಿಯಲ್ಲಿ, ಓಣಿಯ ಏಳೆಂಟು ಮಕ್ಕಳ ನಡುವೆ ಕೂತು ನೋಡಿದೆವು. ಗ್ರೀಕ್ ದೇವತೆಗಳು ಇಂದಿಗೂ ಬದುಕಿದ್ದಾರೆ, ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ನೆತ್ತಿಯ ಮೇಲೆ ಅವರ ಸ್ವರ್ಗವಿದೆ. ದೇವೇಂದ್ರನಂಥ ಜ್ಯೂಸ್‌ನ ಮಿಂಚಿನಾಯುಧ ಕಳುವಾಗುತ್ತದೆ. ಕಳವಿನ ಆಪಾದನೆ ಬರುವುದು ಪರ್ಸಿ ಎಂಬ ಶಾಲೆಯ ಹುಡುಗನ ಮೇಲೆ. ತಾನು ಸಮುದ್ರದೇವ ಪೊಸೈಡನ್‌ನ ಮಗನೆಂಬುದೇ ಪಾಪ ಅವನಿಗೆ ತಿಳಿಯದು.

ಕಥೆ ಕೇಳಿದರೆ ಯಾರಿಗೆ ಆಸೆಯಾಗುವುದಿಲ್ಲ? ತಂದೆಯ ಮುಖ ಕಾಣದೆ ಬೆಳೆದ ಮಗನ ಕಥೆ ನಮಗೇನು ಹೊಸದೆ? ಬಭ್ರುವಾಹನನ ಆಟವನ್ನು ಬೆಳತನಕ ಕೂತು ನೋಡಿದ ಜನ ನಾವು. ಗ್ರೀಕರೂ ನಮಗೆ ತೀರ ಪರಕೀಯರಲ್ಲ. ಸೊಫೋಕ್ಲೀಸನ ಏಜಾಕ್ಸ್ ನಾಟಕವನ್ನು ಬಿ. ಎಂ. ಶ್ರೀಕಂಠಯ್ಯನವರು 1929ರಷ್ಟು ಹಿಂದೆಯೇ ‘ಅಶ್ವತ್ಥಾಮನ್’ ಎಂದು ಕನ್ನಡಕ್ಕೆ ತಂದರು. ಅಲ್ಲಿ ಹೆಸರು ಬದಲಾಯಿತು, ವೀರನ ಅವಮಾನದ ಉರಿ ಉಳಿಯಿತು. ಈ ಚಿತ್ರದಲ್ಲಿ ಹೆಸರುಗಳೆಲ್ಲ ಹಾಗೆಯೇ ಇವೆ, ಒಳಗಿನ ಉರಿಯೇ ಆರಿಹೋಗಿದೆ. ಹಳೆಯ ಕಥೆಯನ್ನು ಬದಲಾಯಿಸಿದರೆಂಬುದು ನಮ್ಮ ತಕರಾರಲ್ಲ, ಯಾಕೆ ಬದಲಾಯಿಸಿದರೆಂಬುದು.

ಇದರ ಮೂಲ 2005ರಲ್ಲಿ ಬಂದ ರಿಕ್ ರಿಯೋರ್ಡನ್‌ನ ಪುಸ್ತಕ. ಆತ ಶಾಲಾ ಮಾಸ್ತರನಾಗಿದ್ದವನು. ಅವನ ಮಗನಿಗೆ ಅಕ್ಷರ ಓದುವುದು ಕಷ್ಟ, ಒಂದು ಕಡೆ ಸುಮ್ಮನೆ ಕೂರುವುದು ಇನ್ನೂ ಕಷ್ಟ. ಆ ಮಗನಿಗೆ ಮಲಗುವ ಹೊತ್ತಿನಲ್ಲಿ ಹೇಳಿದ ಕಥೆಯೇ ಮುಂದೆ ಪುಸ್ತಕವಾಯಿತು. ಪುಸ್ತಕದ ಪರ್ಸಿ ಹನ್ನೆರಡು ವರ್ಷದವನು. ಶಾಲೆಯಿಂದ ಶಾಲೆಗೆ ದಬ್ಬಿಸಿಕೊಂಡವನು. ಅಕ್ಷರಗಳು ಅವನ ಕಣ್ಣ ಮುಂದೆ ತೇಲುವುದೇಕೆಂದರೆ ಅವನ ತಲೆ ಪ್ರಾಚೀನ ಗ್ರೀಕ್ ಓದಲು ಹುಟ್ಟಿದ್ದು. ಕೈಕಾಲು ಸುಮ್ಮನಿರದಿರುವುದೇಕೆಂದರೆ ಅವು ರಣರಂಗಕ್ಕೆ ಹುಟ್ಟಿದವು. ‘ದಡ್ಡ’ ಎನ್ನಿಸಿಕೊಂಡ ಮಗುವಿನ ಬೆನ್ನ ಮೇಲೆ ಕೈಯಿಟ್ಟು ಹೇಳಿದ ಮಾತಿದು. ನಮ್ಮ ಓಣಿಗಳಲ್ಲಿ ಇಂಥ ಮಕ್ಕಳು ಎಷ್ಟಿಲ್ಲ? ಮಾಸ್ತರರ ಬೆತ್ತದ ಭಯಕ್ಕೆ ಶಾಲೆ ಬಿಟ್ಟು ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತವರು ಎಷ್ಟಿಲ್ಲ?

ಚಿತ್ರದಲ್ಲಿ ಇದು ಒಂದೆರಡು ಸಂಭಾಷಣೆಯಲ್ಲಿ ಮುಗಿದುಹೋಗುತ್ತದೆ. ಹನ್ನೆರಡರ ಹುಡುಗ ಮೀಸೆ ಬರುವ ವಯಸ್ಸಿನ ಚೆಲುವನಾಗಿದ್ದಾನೆ. ಎಳೆಯರ ಜೊತೆಗೆ ಪ್ರಾಯದವರ ಟಿಕೀಟೂ ಬರಲಿ ಎಂಬ ಲೆಕ್ಕವಲ್ಲದೆ ಇದಕ್ಕೆ ಬೇರೆ ಕಾರಣ ನಮಗೆ ಕಾಣದು. ವಯಸ್ಸು ಬದಲಿಸಬೇಡಿರೆಂದು ಲೇಖಕ ನಿರ್ಮಾಪಕರಿಗೆ ಮೊದಲೇ ಕಾಗದ ಬರೆದಿದ್ದ. ಆ ಕಾಗದಗಳನ್ನು 2018ರಲ್ಲಿ ಅವನೇ ಪ್ರಕಟಿಸಿದ. ಕೇಳಿದವರು ಯಾರು?

ಪಾತಾಳದ ದೊರೆ ಹೇಡೀಸ್‌ನ ಗತಿ ನೋಡಿರಿ. ಗ್ರೀಕರಲ್ಲಿ ಅವನು ದುಷ್ಟನಲ್ಲ. ಅಣ್ಣತಮ್ಮಂದಿರು ಮೂವರು ಚೀಟಿ ಎತ್ತಿ ಪಾಲು ಮಾಡಿಕೊಂಡಾಗ ಜ್ಯೂಸ್‌ಗೆ ಆಕಾಶ, ಪೊಸೈಡನ್‌ಗೆ ಸಮುದ್ರ, ಇವನಿಗೆ ಸತ್ತವರ ಲೋಕ ಬಂತು. ನಮ್ಮ ಯಮನನ್ನು ನಾವು ಧರ್ಮರಾಯನೆಂದು ಕರೆಯುವುದಿಲ್ಲವೆ? ಚಿತ್ರದವರು ಅವನಿಗೆ ಬೆಂಕಿ ಹಚ್ಚಿ, ರೆಕ್ಕೆ ಕಟ್ಟಿ, ಪಾದ್ರಿಗಳು ಹೇಳುವ ಸೈತಾನನನ್ನಾಗಿ ಮಾಡಿದ್ದಾರೆ. ಅವನ ಹೆಂಡತಿ ಪರ್ಸೆಫನಿ ಬೆಳೆಯ ದೇವತೆ ಡಿಮೀಟರ್‌ಳ ಮಗಳು. ವರ್ಷದಲ್ಲಿ ಕೆಲವು ತಿಂಗಳು ಪಾತಾಳದಲ್ಲಿ, ಉಳಿದಂತೆ ತಾಯಿಯ ಮನೆಯಲ್ಲಿ ಅವಳ ವಾಸ. ಅವಳು ಮೇಲೆ ಬಂದಾಗ ಭೂಮಿ ಹಸಿರು, ಕೆಳಗೆ ಹೋದಾಗ ಬಂಜರು. ಚಿತ್ರದ ಕಥೆ ನಡೆಯುವುದು ಬೇಸಗೆಯ ಅಯನದ ಹೊತ್ತಿಗೆ, ಅಂದರೆ ಅವಳು ತವರಿನಲ್ಲಿರಬೇಕಾದ ಕಾಲ. ಆದರೂ ಪಾತಾಳದಲ್ಲೇ ಕೂತಿದ್ದಾಳೆ! ಪುಸ್ತಕದಲ್ಲಿ ಅವಳ ಪೀಠ ಖಾಲಿ ಇದೆ. ಮಾಸ್ತರನಿಗೆ ಗೊತ್ತಿದ್ದದ್ದು ಕೋಟಿ ಸುರಿದವರಿಗೆ ಗೊತ್ತಾಗಲಿಲ್ಲ.

ಮೆಚ್ಚಬೇಕಾದ್ದನ್ನು ಮೆಚ್ಚೋಣ. ಮೆಡೂಸಳಾಗಿ ಉಮಾ ಥರ್ಮನ್ ಬಂದಾಗ ಮಕ್ಕಳು ಉಸಿರು ಬಿಗಿಹಿಡಿದರು, ನಾವೂ. ತಲೆಯ ತುಂಬ ಹಾವು, ನೋಡಿದವರು ಕಲ್ಲು. ಲ್ಯಾಟಿನ್ ಕವಿ ಓವಿಡ್ ಹೇಳುವಂತೆ ಆಕೆ ಚೆಲುವೆಯಾಗಿದ್ದವಳು. ಅಥೀನಳ ಗುಡಿಯಲ್ಲಿ ಪೊಸೈಡನ್ ಅವಳನ್ನು ಕೆಡಿಸಿದ, ಅಥೀನ ಶಾಪ ಕೊಟ್ಟದ್ದು ಮಾತ್ರ ಅವಳಿಗೆ. ನಮ್ಮ ಅಹಲ್ಯೆ ತಾನೇ ಕಲ್ಲಾದಳು, ಈಕೆ ಲೋಕವನ್ನು ಕಲ್ಲು ಮಾಡುತ್ತ ಹೋದಳು. ಅವಳೆದುರು ನಿಂತವರಲ್ಲಿ ಒಬ್ಬ ಪೊಸೈಡನ್‌ನ ಮಗ, ಒಬ್ಬಳು ಅಥೀನಳ ಮಗಳು! ಕೆಡಿಸಿದವನ ಕುಡಿ, ಶಪಿಸಿದವಳ ಕುಡಿ. ಅಲ್ಲಿ ಒಂದು ನಿಜವಾದ ನಾಟಕ ಕಾದು ಕೂತಿತ್ತು. ಚಿತ್ರಕ್ಕೆ ಅದರ ಗೊಡವೆ ಬೇಡ. ಐಪಾಡ್ ಎಂಬ ಹಾಡಿನ ಪೆಟ್ಟಿಗೆಯ ಹೊಳೆಯುವ ಬೆನ್ನಿನಲ್ಲಿ ಅವಳ ಬಿಂಬ ನೋಡಿ ತಲೆ ಕತ್ತರಿಸುತ್ತಾನೆ. ರಾಕ್ಷಸಿ ಸತ್ತಳು, ಸರಕಿನ ಪ್ರಚಾರವೂ ಆಯಿತು.

ಆಯುಧ ಕದ್ದ ಲ್ಯೂಕ್‌ನ ದೂರಾದರೂ ಏನು? ದೇವತೆಗಳು ಮಕ್ಕಳನ್ನು ಹುಟ್ಟಿಸಿ ತಿರುಗಿ ನೋಡುವುದಿಲ್ಲ ಎಂಬುದು. ಅದಕ್ಕೆ ಉತ್ತರ ಕೊಡುವ ಬದಲು ಅವನನ್ನು ನೀರಿನಿಂದ ಹೊಡೆದು ಕೆಡವುತ್ತಾರೆ. ಪೊಸೈಡನ್ ಬಂದು ಮಗನಿಗೆ ನಾಲ್ಕು ಮಾತು ಹೇಳಿದ ಕೂಡಲೆ ಎಲ್ಲವೂ ಸರಿಹೋಯಿತಂತೆ.

ನಮ್ಮನ್ನು ಹೆಚ್ಚು ನೋಯಿಸಿದ್ದು ತಾಯಿಯ ಸಂಗತಿ. ಪರ್ಸಿಯ ತಾಯಿ ಸ್ಯಾಲಿ ಪುಸ್ತಕದಲ್ಲಿ ಮಿಠಾಯಿ ಅಂಗಡಿಯಲ್ಲಿ ದುಡಿಯುವವಳು. ಗಂಡ ಗೇಬ್ ಜೂಜುಕೋರ, ಹೊಡೆಯುವವನು. ಮಗ ಮೆಡೂಸಳ ತಲೆಯನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾನೆ. ಏನು ಮಾಡಬೇಕೆಂಬುದು ತಾಯಿಯ ನಿರ್ಧಾರ. ಆಕೆ ನಿರ್ಧರಿಸುತ್ತಾಳೆ. ಚಿತ್ರದಲ್ಲಿ ಅವಳಿಗೆ ಆ ಗೌರವವೂ ಇಲ್ಲ; ಚಿತ್ರ ಮುಗಿದು ಹೆಸರುಗಳು ಓಡುವಾಗ, ಗೇಬ್ ತಾನೇ ತಂಪುಪೆಟ್ಟಿಗೆ ತೆರೆದು ಕಲ್ಲಾಗುತ್ತಾನೆ, ನಗೆಚಾಟಿಕೆಯ ಹಾಗೆ.

ಇದಕ್ಕೆ ಸುಮಾರು 9.5 ಕೋಟಿ ಡಾಲರ್ ಸುರಿದರು, ಲೋಕದಾದ್ಯಂತ 22 ಕೋಟಿಗೂ ಮೇಲೆ ಬಾಚಿದರು. 2013ರಲ್ಲಿ ಎರಡನೆಯದು ಬಂತು, ಮೂರನೆಯದು ಬರಲಿಲ್ಲ. 2023ರ ಡಿಸೆಂಬರಿನಿಂದ ಅದೇ ಕಥೆ ಧಾರಾವಾಹಿಯಾಗಿ ಬಂತು, ಈ ಸಲ ಲೇಖಕನನ್ನೂ ಜೊತೆಗೆ ಕೂರಿಸಿಕೊಂಡು, ಹನ್ನೆರಡು ವರ್ಷದ ಪರ್ಸಿಯೊಡನೆ.

ಚಿತ್ರ ಮುಗಿದ ಮೇಲೆ ಮಕ್ಕಳ ಮುಖ ಸಪ್ಪಗಿತ್ತು. ಪುಸ್ತಕದ ಕೊನೆಯನ್ನು ನಾವೇ ಹೇಳಿದೆವು: ಸ್ಯಾಲಿ ಗೇಬ್‌ನ ಕಲ್ಲನ್ನು ಶಿಲ್ಪವೆಂದು ಮಾರಿ, ಆ ಹಣದಲ್ಲಿ ಬೇರೆ ಮನೆ ಹಿಡಿದು, ತಾನು ಕಾಲೇಜಿಗೆ ಸೇರಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಕಿರಾಣಿ ಅಂಗಡಿಯವರ ಮಗ ಮಾತ್ರ ಕಲ್ಲಿಗೆ ಎಷ್ಟು ಬಂತೆಂದು ಕೇಳಿದ. ಪುಸ್ತಕದಲ್ಲಿ ಬೆಲೆ ಬರೆದಿಲ್ಲವೆಂದೆವು.