ಬೇಕಾದ ತಾಣದೊಳಗೇ ಹುಡುಕಾಟ

ಪರೀಕ್ಷೆ ಮುಗಿದು ಪ್ರವೇಶದ ಕಾಲ ಬಂತೆಂದರೆ ಮನೆಮನೆಯಲ್ಲೂ ಹುಡುಕಾಟ ಶುರು. ವಿದ್ಯಾರ್ಥಿವೇತನದ ಅರ್ಜಿ ಎಲ್ಲಿದೆ? ಸಿಇಟಿಗೆ ಬೇಕಾದ ದಾಖಲೆಗಳು ಯಾವುವು? ಹಳೆಯ ಪ್ರಶ್ನೆಪತ್ರಿಕೆ ಎಲ್ಲಿ ಸಿಗುತ್ತದೆ? ಗೂಗಲ್‌ನಲ್ಲಿ ನಾಲ್ಕು ಪದ ಟೈಪ್ ಮಾಡಿದರೆ ಉತ್ತರಗಳಿಗೇನೂ ಬರವಿಲ್ಲ. ಜಾಹೀರಾತು, ಕೋಚಿಂಗ್ ಸಂಸ್ಥೆಗಳ ಪುಟ, ಎರಡು ವರ್ಷ ಹಳೆಯ ಸುದ್ದಿ ಎಲ್ಲವೂ ಸಾಲುಗಟ್ಟಿ ನಿಲ್ಲುತ್ತವೆ. ಅಧಿಕೃತ ಪ್ರಕಟಣೆ ಮಾತ್ರ ಇವುಗಳ ನಡುವೆ ಎಲ್ಲೋ ಹುದುಗಿರುತ್ತದೆ. ಪ್ರಕಟಣೆ ಇಂಥ ಇಲಾಖೆಯದೇ ಎಂದು ಗೊತ್ತಿದ್ದೂ ಜಗತ್ತಿನ ತಾಣಗಳನ್ನೆಲ್ಲ ಜಾಲಾಡುವುದು, ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತೆ.

ಇದಕ್ಕೊಂದು ಸುಲಭ ಉಪಾಯವಿದೆ. ಹುಡುಕಬೇಕಾದ ಪದಗಳ ಜೊತೆಗೆ, ಯಾವ ತಾಣದಲ್ಲಿ ಹುಡುಕಬೇಕು ಎಂಬುದನ್ನೂ ಶೋಧಕಕ್ಕೆ ಹೇಳಿಬಿಡುವುದು. ಪದಗಳನ್ನು ಬರೆದು ಒಂದು ಜಾಗ ಬಿಟ್ಟು, ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಎಸ್, ಐ, ಟಿ, ಇ ಅಕ್ಷರಗಳನ್ನು ಒತ್ತಬೇಕು. ಅದರ ಹಿಂದೆಯೇ ಕೋಲನ್, ಅಂದರೆ ಒಂದರ ಮೇಲೊಂದು ಎರಡು ಚುಕ್ಕೆ. ಅದಕ್ಕೆ ಅಂಟಿದಂತೆ ತಾಣದ ವಿಳಾಸ. ಕೋಲನ್ ಮತ್ತು ವಿಳಾಸದ ನಡುವೆ ಜಾಗ ಬಿಡಬಾರದು; ಬಿಟ್ಟರೆ ಉಪಾಯ ಫಲಿಸದು.

ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನಿಗೆ ಬೆಳಕಿನ ವಕ್ರೀಭವನದ ಪಾಠ ಬೇಕಾಗಿದೆ ಎನ್ನೋಣ. ಇಂಗ್ಲಿಷಿನಲ್ಲಿ ‘ರಿಫ್ರಾಕ್ಷನ್’ ಎಂದು ಬರೆದು, ಸೈಟ್ ಕೋಲನ್ ಹಾಕಿ, ‘ಎನ್‌ಸಿಇಆರ್‌ಟಿ ಡಾಟ್ ಎನ್‌ಐಸಿ ಡಾಟ್ ಇನ್’ ವಿಳಾಸ ಸೇರಿಸಿದರೆ, ಎನ್‌ಸಿಇಆರ್‌ಟಿ ತಾಣದ ಪುಟಗಳು ಮಾತ್ರ ಬರುತ್ತವೆ. ಪ್ರಬಂಧ ಬರೆಯುವವರು 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ವಿಳಾಸವನ್ನು ಕೊಟ್ಟು ‘ಕಾವೇರಿ’ ಎಂದು ಹುಡುಕಬಹುದು.

ಈ ಯುಕ್ತಿ ಹೊಸದೇನೂ ಅಲ್ಲ. 1995ರ ಡಿಸೆಂಬರಿನಲ್ಲಿ ಬಂದ ಆಲ್ಟಾವಿಸ್ಟಾ ಶೋಧಕದಲ್ಲಿ ‘ಹೋಸ್ಟ್’ ಎಂಬ ಪದ ಇಂಥದೇ ಕೆಲಸ ಮಾಡುತ್ತಿತ್ತು. ಆಲ್ಟಾವಿಸ್ಟಾ 2013ರಲ್ಲಿ ಮುಚ್ಚಿಹೋಯಿತು, ಯುಕ್ತಿ ಉಳಿಯಿತು. 1998ರಲ್ಲಿ ಹುಟ್ಟಿದ ಗೂಗಲ್ ಅಲ್ಲದೆ ಬಿಂಗ್ ಮತ್ತು ಡಕ್‌ಡಕ್‌ಗೋ ಶೋಧಕಗಳಲ್ಲೂ ‘ಸೈಟ್’ ನಡೆಯುತ್ತದೆ. ಪದಗಳು ಇದ್ದ ಕ್ರಮದಲ್ಲೇ ಬೇಕೆಂದರೆ ಅವನ್ನು ಉದ್ಧರಣ ಚಿಹ್ನೆಗಳೊಳಗೆ ಇಡಬೇಕು. ‘ಫೈಲ್‌ಟೈಪ್’ ಎಂದು ಬರೆದು ಕೋಲನ್ ಹಾಕಿ ‘ಪಿಡಿಎಫ್’ ಎಂದರೆ ಪಿಡಿಎಫ್ ಕಡತಗಳಷ್ಟೇ ಬರುತ್ತವೆ. ಸುತ್ತೋಲೆ, ಪ್ರಶ್ನೆಪತ್ರಿಕೆ ಹುಡುಕುವವರಿಗೆ ಇದು ಬಹಳ ಉಪಯುಕ್ತ.

ಸಮಯದ ಉಳಿತಾಯಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ವಿದ್ಯಾರ್ಥಿವೇತನದ ಹೆಸರಿನಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಕೇಳುವ ನಕಲಿ ತಾಣಗಳು ಅಸಲಿಯಂತೆಯೇ ವೇಷ ಹಾಕಿರುತ್ತವೆ. ವೇಷ ಹಾಕಬಹುದು, ವಿಳಾಸ ಕದಿಯುವುದು ಕಷ್ಟ. ‘ಜಿಓವಿ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಗಳನ್ನು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಕೊಡಲಾಗುತ್ತದೆ. ಆದ್ದರಿಂದ ಸೈಟ್ ಕೋಲನ್ ಮುಂದೆ ‘ಕರ್ನಾಟಕ ಡಾಟ್ ಜಿಓವಿ ಡಾಟ್ ಇನ್’ ಎಂದಷ್ಟೇ ಬರೆದರೂ ಸಾಕು, ಆ ವಿಳಾಸದಡಿ ಬರುವ ಎಲ್ಲ ಇಲಾಖೆಗಳ ತಾಣಗಳಲ್ಲೂ ಹುಡುಕಾಟ ನಡೆಯುತ್ತದೆ. ಹೊರಗಿನ ತಾಣಗಳು ತಾವಾಗಿಯೇ ದೂರ ಉಳಿಯುತ್ತವೆ. ಆದರೆ ಫಲಿತಾಂಶದ ಮೇಲ್ತುದಿಯ ಜಾಹೀರಾತುಗಳನ್ನು ಈ ಲೆಕ್ಕಕ್ಕೆ ಸೇರಿಸಬಾರದು. ವಿಳಾಸವನ್ನು ಓದುವಾಗಲೂ ಮೊದಲ ಓರೆಗೆರೆಗೆ ಮುಂಚಿನ ಕೊನೆಯ ಭಾಗವನ್ನು ನೋಡಬೇಕು. ಹೆಸರಿನ ನಡುವೆ ‘ಜಿಓವಿ’ ಎಂದಿದ್ದು ಕೊನೆಯಲ್ಲಿ ‘ಡಾಟ್ ಕಾಮ್’ ಎಂದಿದ್ದರೆ ಅದು ಸರ್ಕಾರದ್ದಲ್ಲ.

ಹೀಗೆ ಹುಡುಕಿಯೂ ಏನೂ ಸಿಗದಿದ್ದರೆ? ಕಾಗದವೇ ಇಲ್ಲ ಎಂದು ಕೈಚೆಲ್ಲುವುದು ತಪ್ಪು. ನಾವು ಕೇಳಿದ ಕ್ಷಣದಲ್ಲಿ ಶೋಧಕ ಆ ತಾಣಕ್ಕೆ ಹೋಗಿ ನೋಡುವುದಿಲ್ಲ. ಮೊದಲೇ ಪುಟಗಳನ್ನು ಓದಿ, ಪುಸ್ತಕದ ಕೊನೆಯ ಪದಸೂಚಿಯಂಥ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಂಡಿರುತ್ತದೆ. ಹುಡುಕುವುದು ಆ ಪಟ್ಟಿಯಲ್ಲಿ. ಬೆಳಿಗ್ಗೆ ಏರಿಸಿದ ಪ್ರಕಟಣೆ ಸಂಜೆಗೂ ಪಟ್ಟಿಗೆ ಸೇರದಿರಬಹುದು. ನೋಂದಣಿ ಸಂಖ್ಯೆ ಕೊಟ್ಟು ತೆರೆಯಬೇಕಾದ ಫಲಿತಾಂಶದ ಪುಟಗಳು ಅದರ ಕೈಗೆ ಸಿಗುವುದೇ ಇಲ್ಲ.

ಕನ್ನಡದ ಕಡತಗಳಿಗೆ ಮತ್ತೊಂದು ತೊಡಕಿದೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಸಿದ್ಧವಾದ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕಕ್ಕೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂಚಲು. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಪದ ಅದರೊಂದಿಗೆ ತಾಳೆಯಾಗದು. ಸ್ಕ್ಯಾನ್ ಮಾಡಿದ ಸುತ್ತೋಲೆಗಳಲ್ಲೂ ಎಷ್ಟೋ ವೇಳೆ ಇದೇ ಗತಿ. ಆಗ ಅದೇ ವಿಷಯವನ್ನು ಇಂಗ್ಲಿಷ್ ಪದಗಳಲ್ಲಿ, ಇಲ್ಲವೇ ಸುತ್ತೋಲೆಯ ಸಂಖ್ಯೆಯಿಂದ ಹುಡುಕಿ ನೋಡಬಹುದು. ಅದೂ ಫಲಿಸದಿದ್ದರೆ ತಾಣದೊಳಗೇ ಹೋಗಿ ಸುತ್ತೋಲೆಗಳ ವಿಭಾಗವನ್ನು ತೆರೆಯುವುದೇ ದಾರಿ.

ಅರ್ಜಿಯ ಕೊನೆಯ ದಿನ ಶೋಧಕಕ್ಕಾಗಿ ಕಾಯುವುದಿಲ್ಲ. ಮಕ್ಕಳು ಓದುವ ಮೇಜಿನ ಬಳಿ ನಾಲ್ಕೈದು ಅಧಿಕೃತ ವಿಳಾಸಗಳನ್ನು ಬರೆದು ಅಂಟಿಸಿಡುವುದು ತಂದೆತಾಯಿ ಮಾಡಬಹುದಾದ ಸಣ್ಣ ಕೆಲಸ. ಕೇಳಬೇಕಾದ ಮನೆ ಯಾವುದೆಂದು ಗೊತ್ತಿದ್ದರೆ ಹುಡುಕಾಟ ಅರ್ಧ ಮುಗಿದಂತೆಯೇ.