ಆ ಪಾರ್ಟು ಗುಜರಿಗೆ ಹಾಕಬೇಡಿ, ಮೊದಲು ಲೇತಿಗೆ ಒಯ್ಯಿರಿ!

ತಾವರೆಕೆರೆ ಮತ್ತು ಸುತ್ತಲ ಹಳ್ಳಿಗಳಲ್ಲಿ ಬೈಕು, ಎಕ್ಸೆಲ್, ಸ್ಕೂಟರ್ ಇಟ್ಟುಕೊಂಡಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಬೋರ್‌ವೆಲ್ ಮೋಟರ್ ಸುಟ್ಟರೆ ನಾವು ಏನು ಮಾಡುತ್ತೇವೆ? ಪೈಪು ಎತ್ತಿಸಿ, ಮೋಟರನ್ನು ಆಟೋದಲ್ಲಿ ಹೇರಿಕೊಂಡು ಹೋಗಿ, ರೀವೈಂಡಿಂಗ್ ಮಾಡಿಸಿ ಮತ್ತೆ ಇಳಿಸುತ್ತೇವೆ. ಮೊದಲ ದಿನವೇ ಹೊಸ ಮೋಟರ್ ತರೋಣ ಅನ್ನುವವನನ್ನು ಊರು ನೋಡಿ ನಗುತ್ತದೆ. ನೇಗಿಲ ಕುಳ ಮೊಂಡಾದರೆ ನಮ್ಮ ಅಜ್ಜಂದಿರು ಕುಲುಮೆಗೆ ಒಯ್ದು ತಟ್ಟಿಸಿಕೊಂಡು ಬರುತ್ತಿದ್ದರು. ಅದೇ ನಾವು, ಬೈಕಿನ ಕಾಯಿಲ್ ಹೋಗಿದೆ ಅಂದ ಕೂಡಲೇ ಜೇಬಿಗೆ ಕೈ ಹಾಕುತ್ತೇವೆ. ಬೋರಿನ ಮೋಟರಿನಲ್ಲಿರುವುದೂ ತಾಮ್ರದ ತಂತಿ, ಬೈಕಿನ ಮ್ಯಾಗ್ನೆಟ್ ಕಾಯಿಲಿನಲ್ಲಿರುವುದೂ ತಾಮ್ರದ ತಂತಿ. ಅದನ್ನೂ ಸುತ್ತಿಸಬಹುದು. ಎಷ್ಟೋ ಸಲ ಸುತ್ತಿಸುವುದೂ ಬೇಡ, ವೈರಿನ ತುದಿಯ ಸೋಲ್ಡರ್ ಬಿಟ್ಟಿರುತ್ತದೆ, ಅಷ್ಟೇ.

ಇದನ್ನು ಬರೆಯುತ್ತಿರುವವನ ಕಥೆಯನ್ನೇ ಕೇಳಿ. ಹೋದ ಸಲ ಆಯಿಲ್ ಬದಲಿಸುವಾಗ ಗ್ಯಾರೇಜಿನ ಹುಡುಗ ಸ್ಪಾನರನ್ನು ಜಗ್ಗಿ ತಿರುಗಿಸಿದ, ಡ್ರೈನ್ ಬೋಲ್ಟಿನ ಥ್ರೆಡ್ ಕಿತ್ತು ಬಂತು. ಅಲ್ಯೂಮಿನಿಯಂ ಮೆದು, ಬೋಲ್ಟು ಉಕ್ಕು; ಸೋಲುವುದು ಯಾವಾಗಲೂ ಅಲ್ಯೂಮಿನಿಯಮ್ಮೇ. ‘ಕೇಸೇ ಬದಲಿಸಬೇಕು, ಇಂಜಿನ್ ಇಳಿಸಬೇಕು’ ಅಂದರು. ರೇಟು ಕೇಳಿ ಬಾಯಿ ಒಣಗಿತು. ಗಾಡಿ ತಳ್ಳಿಕೊಂಡು ಲೇತ್ ಅಂಗಡಿಗೆ ಹೋದೆ. ಅಲ್ಲಿನ ಮೇಸ್ತ್ರಿ ಟ್ಯಾಪಿನ ಹಲ್ಲಿಗೆ ಗ್ರೀಸ್ ಬಳಿದು, ಲೋಹದ ಚೂರು ಒಳಗೆ ಬೀಳದ ಹಾಗೆ ನಿಧಾನವಾಗಿ ತಿರುಗಿಸಿ, ಒಂದು ಸೈಜು ದೊಡ್ಡ ಥ್ರೆಡ್ ಕೊರೆದ. ಅದಕ್ಕೆ ತಕ್ಕ ಬೋಲ್ಟನ್ನೂ ತಾನೇ ಕಡೆದುಕೊಟ್ಟ. ಸ್ವಲ್ಪ ಆಯಿಲ್ ಸುರಿದು ಒಳಗೆಲ್ಲ ತೊಳೆದ. ಒಂದು ದಿನದ ಕೂಲಿಯೂ ಆಗಲಿಲ್ಲ. ಇವತ್ತಿಗೂ ಒಂದು ಹನಿ ಸೋರಿಲ್ಲ.

ಹೀಗೆ ಉಳಿಯುವ ಪಾರ್ಟು ಇನ್ನೂ ಎಷ್ಟೋ ಇವೆ. ತೂತಾದ ಸೈಲೆನ್ಸರ್‌ಗೆ ತಗಡು ಇಟ್ಟು ಬೆಸುಗೆ ಹಾಕಿಸಬಹುದು. ಬಿರಿದ ಇಂಜಿನ್ ಕವರಿಗೆ ಆರ್ಗಾನ್ ವೆಲ್ಡಿಂಗ್ ಇದೆ. ಆಯಿಲ್ ಜಿಡ್ಡು ಪೂರ್ತಿ ತೊಳೆದು ಕೊಟ್ಟರೆ ಮಾತ್ರ ಹಿಡಿಯುತ್ತದೆ. ಸವೆದ ಸ್ವಿಂಗ್ ಆರ್ಮಿಗೆ ಬುಷ್ ಸಾಕು. ಹೊಗೆ ಬರುವ ಇಂಜಿನ್ನಿಗೆ ಹೊಸ ಬ್ಲಾಕೇ ಬೇಕೆಂದಿಲ್ಲ. ರೀಬೋರ್ ಮಾಡಿಸಿ 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿಸಿದರೆ ನಡೆಯುತ್ತದೆ. ಆದರೆ ಕೆಲವು ಹೊಸ ಗಾಡಿಗಳ ಬೋರಿನೊಳಗೆ ಬೇರೆಯೇ ಲೇಪನ ಇರುತ್ತದೆ, ಅವಕ್ಕೆ ಈ ಮಾತು ಹೊಂದುವುದಿಲ್ಲ. ಬಲ್ಲ ಮೇಸ್ತ್ರಿ ನೋಡಿದ ಕೂಡಲೇ ಹೇಳುತ್ತಾನೆ.

ಉಳಿತಾಯ ಅಂತ ಜೀವದ ಜೊತೆ ಆಟ ಮಾತ್ರ ಬೇಡ. ಬ್ರೇಕ್ ಶೂ, ಬ್ರೇಕ್ ಕೇಬಲ್, ಚಕ್ರದ ಆಕ್ಸಲ್, ಬಿರುಕು ಬಿಟ್ಟ ಹ್ಯಾಂಡಲ್, ಸೀಳಿದ ಟೈರು, ಇವು ಹೋದರೆ ಹೊಸದನ್ನೇ ಹಾಕಿಸಿ. ಲಾರಿಗಳು ಧಡಧಡ ಓಡುವ ಹೈವೇ ಪಕ್ಕದ ಊರು ನಮ್ಮದು. ಇಲ್ಲಿ ಬೆಸುಗೆ ಹಾಕಿದ ಬ್ರೇಕ್ ಪೆಡಲ್ ನಂಬಿ ಹಿರಿಯೂರಿನವರೆಗೆ ಹೋಗುತ್ತೇನೆ ಅನ್ನುವವನಿಗೆ ಈ ಕರಪತ್ರ ಕೊಡಲೇಬೇಡಿ. ಗಾಡಿ ವಾರಂಟಿಯಲ್ಲಿದ್ದರೆ ಹೊರಗೆ ಬಿಚ್ಚಿಸಬೇಡಿ, ಶೋರೂಮಿಗೇ ಬಿಡಿ.

ರಿಪೇರಿ ಕೇಳುವುದು ಜಿಪುಣತನ ಅಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಹೊರಗಿನ ಗ್ಯಾರೇಜುಗಳಿಗೆ ಬಿಡಿಭಾಗ, ರಿಪೇರಿ ಮಾಹಿತಿ ಸಿಗದಂತೆ ಬಿಗಿಹಿಡಿದಿದ್ದಕ್ಕೆ. ಅದು ಕಾರಿನ ಮಾತು, ನಿಜ. ಬೈಕಿನವರ ಸಂಕಟವೂ ಅದೇ ಜಾತಿಯದು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಅದರಲ್ಲಿ ವಾಹನಗಳೂ, ಕೃಷಿ ಯಂತ್ರಗಳೂ ಸೇರಿವೆ. ಪೋರ್ಟಲ್ ಅಂದರೆ ಕಾನೂನಲ್ಲ. ಆದರೂ ರಿಪೇರಿ ಮಾಡಿಸಿಕೊಳ್ಳುವುದು ನಿಮ್ಮ ಹಕ್ಕು ಎಂದು ಸರ್ಕಾರವೇ ಬಾಯಿಬಿಟ್ಟು ಹೇಳಿದಂತಾಯಿತು. ಬಿಲ್ಲಿನಲ್ಲಿ ಮೋಸವಾದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಇನ್ನು ಮುಂದೆ ಗಾಡಿ ಕೆಟ್ಟಾಗ ಒಂದೇ ಪ್ರಶ್ನೆ ಕೇಳಿ: ‘ಸೆಟ್ಟು ಪೂರ್ತಿ ಹೋಗಿದೆಯೋ, ಅದರೊಳಗಿನ ಒಂದು ತುಂಡು ಹೋಗಿದೆಯೋ?’ ಎದುರಿಗೇ ಬಿಚ್ಚಿಸಿ ನೋಡಿ. ಬದಲಿಸಿದರೆ ಹಳೇ ಪಾರ್ಟನ್ನು ಕೇಳಿ ಮನೆಗೆ ತನ್ನಿ, ಅದು ನಿಮ್ಮ ದುಡ್ಡಿನದು. ಮೇಸ್ತ್ರಿಗಳೇ, ನಿಮ್ಮಲ್ಲೂ ಒಂದು ಬೇಡಿಕೆ: ಹೊಸದನ್ನು ಹಾಕುವುದರಲ್ಲಿ ಸಿಗುವ ಕಮಿಷನ್ ರಿಪೇರಿಯಲ್ಲಿ ಸಿಗುವುದಿಲ್ಲ, ಅದು ನಮಗೂ ಗೊತ್ತು. ಕೈಕೆಲಸಕ್ಕೆ ನ್ಯಾಯವಾದ ಕೂಲಿ ಹೇಳಿ, ಚೌಕಾಸಿ ಇಲ್ಲದೆ ಕೊಡುತ್ತೇವೆ. ಗ್ಯಾರೇಜಿನ ಹುಡುಗರಿಗೂ ಟ್ಯಾಪು ಹಿಡಿಯುವುದನ್ನು ಕಲಿಸಿ.

ಈ ಕರಪತ್ರದ ಹಿಂಬದಿ ಖಾಲಿ ಬಿಟ್ಟಿದ್ದೇವೆ. ಯಾವ ಪಾರ್ಟು ಕೆಟ್ಟಿತ್ತು, ಹೊಸದಕ್ಕೆ ಎಷ್ಟು ಹೇಳಿದರು, ರಿಪೇರಿಗೆ ಎಷ್ಟಾಯಿತು, ಎಷ್ಟು ತಿಂಗಳು ಬಾಳಿತು, ಬರೆಯಿರಿ. ರಿಪೇರಿ ಕೈಕೊಟ್ಟಿದ್ದರೆ ಅದನ್ನೂ ಬರೆಯಿರಿ. ನಿಮಗೆ ಇದು ಸಿಕ್ಕ ಅಂಗಡಿಯಲ್ಲೇ ವಾಪಸ್ ಕೊಡಿ, ಎಲ್ಲವನ್ನೂ ಅಲ್ಲಿನ ಗೋಡೆಗೆ ಅಂಟಿಸುತ್ತೇವೆ.

— ತಾವರೆಕೆರೆಯ ಬೈಕ್ ಸವಾರರು